ಬೆಂಗಳೂರಿನ ಸಾರಿಗೆ ಯೋಜನೆಗಳ ರಾಜಕಾರಣ

1990ರ ದಶಕದಿಂದೀಚೆಗೆ ಬೆಂಗಳೂರಿನ ದೊಡ್ಡ ರಸ್ತೆ, ರೈಲು ಯೋಜನೆಗಳ ಹಣೆಬರಹವನ್ನು ನಗರದ ಮಹಾಯೋಜನೆಗಿಂತ ಹೆಚ್ಚಾಗಿ ಒಪ್ಪಂದ, ಭೂಸ್ವಾಧೀನ ಮತ್ತು ನ್ಯಾಯಾಲಯಗಳು ಬರೆದಿವೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಪಾಲಿಕೆ, ಮೆಟ್ರೊ ನಿಗಮ, ನಗರ ಬಸ್ ಸಂಸ್ಥೆ ಬಿಎಂಟಿಸಿ ತಮ್ಮ ತಮ್ಮ ದಾರಿ ಹಿಡಿದಿದ್ದವು. ಇವನ್ನು ಒಂದೆಡೆ ತರಲೆಂದು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಬಂದದ್ದು 2022ರಲ್ಲಿ.

ನೈಸ್ ರಸ್ತೆ: ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, 1995ರಲ್ಲಿ, ಬೆಂಗಳೂರು–ಮೈಸೂರು ಟೋಲ್ ರಸ್ತೆಗಾಗಿ ಖಾಸಗಿ ಕಂಪನಿಗಳ ಕೂಟದೊಡನೆ ಸರ್ಕಾರ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು. ಜೆ.ಎಚ್. ಪಟೇಲರ ಕಾಲದಲ್ಲಿ, 1997ರ ಏಪ್ರಿಲ್‌ನಲ್ಲಿ, ಆ ಕೂಟ ಇದಕ್ಕೆಂದೇ ಕಟ್ಟಿದ ನೈಸ್ ಕಂಪನಿಯೊಡನೆ ಚೌಕಟ್ಟು ಒಪ್ಪಂದವಾಯಿತು. ಅದರಲ್ಲಿ ನೋಡಬೇಕಾದದ್ದು ರಸ್ತೆಯ ಉದ್ದಕ್ಕಿಂತ ಜಮೀನಿನ ಲೆಕ್ಕ. ಒಟ್ಟು 20,193 ಎಕರೆ. ರಸ್ತೆಗೆ 6,999, ಐದು ಟೌನ್‌ಶಿಪ್‌ಗಳಿಗೆ 13,194. ಟೋಲ್ ಹಣವೊಂದರಿಂದಲೇ ಹೂಡಿದ ಬಂಡವಾಳ ಹುಟ್ಟದು, ಟೌನ್‌ಶಿಪ್ ಭೂಮಿ ಆ ಕೊರತೆ ತುಂಬಬೇಕು ಎಂಬುದು ಯೋಜನೆಯ ಆರ್ಥಿಕ ತರ್ಕ. ಮುಂದಿನ ಜಗಳವೆಲ್ಲ ಈ ಅಂಕಿಗಳ ಸುತ್ತಲೇ ನಡೆಯಿತು.

1998ರಲ್ಲಿ ಹೈಕೋರ್ಟಿನಲ್ಲಿ ಇಷ್ಟೂ ಜಮೀನು ಬೇಕೆಂದು ವಾದಿಸಿ ಗೆದ್ದಿದ್ದ ಸರ್ಕಾರವೇ ಕೆಲವು ವರ್ಷಗಳಲ್ಲಿ ಇದು ಹೆಚ್ಚಾಯಿತೆಂದು ತಿರುಗಿಬಿತ್ತು. ಸರ್ಕಾರ ಬದಲಾದ ಮಾತ್ರಕ್ಕೆ ನಿಲುವು ಬದಲಿಸುವಂತಿಲ್ಲ, ಒಮ್ಮೆ ತೀರ್ಮಾನವಾದ ವಿಷಯವನ್ನು ಮತ್ತೆ ಕೆದಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2006ರ ಏಪ್ರಿಲ್‌ನಲ್ಲಿ ಹೇಳಿತು. ದೇವೇಗೌಡರು ಅಷ್ಟರಲ್ಲಿ ಯೋಜನೆಯ ಕಟು ಟೀಕಾಕಾರರಾಗಿದ್ದರು. ಮೂಲ ಒಪ್ಪಂದವನ್ನು ಮೀರಿ ರೈತರ ಜಮೀನು ಹೋಗಿದೆ ಎಂಬುದು ಅವರ ವಾದ. ಟಿ.ಬಿ. ಜಯಚಂದ್ರ ಅಧ್ಯಕ್ಷತೆಯ ಸದನ ಸಮಿತಿಯೂ ಹೆಚ್ಚುವರಿ ಜಮೀನಿನ ಪ್ರಶ್ನೆ ಎತ್ತಿತು. ಆಗಿರುವ ಕೆಲಸವೆಂದರೆ ಮುಖ್ಯವಾಗಿ ಹೊಸೂರು ರಸ್ತೆಯಿಂದ ತುಮಕೂರು ರಸ್ತೆವರೆಗಿನ ಸುಮಾರು 41 ಕಿ.ಮೀ. ವರ್ತುಲ ಭಾಗ ಮತ್ತು ಒಂದು ಕೊಂಡಿ ರಸ್ತೆ. ಮೈಸೂರಿನ ತನಕ ಹೋದದ್ದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಬೇರೆಯೇ ದಶಪಥ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು.

ನಮ್ಮ ಮೆಟ್ರೊ: 2006ರಲ್ಲಿ ಶಂಕುಸ್ಥಾಪನೆ, 2011ರ ಅಕ್ಟೋಬರ್‌ನಲ್ಲಿ ಮೊದಲ ಓಡಾಟ, 42.3 ಕಿ.ಮೀ. ಮೊದಲ ಹಂತ ಮುಗಿದದ್ದು 2017ರಲ್ಲಿ. ಇಂದಿರಾನಗರದ ಸಿಎಂಎಚ್ ರಸ್ತೆಯ ವರ್ತಕರು ಮಾರ್ಗವನ್ನು ವಿರೋಧಿಸಿದರು, ಜಯನಗರದ ನಂದಾ ರಸ್ತೆಯಲ್ಲಿ ಮರಗಳಿಗಾಗಿ ಜನ ಬೀದಿಗಿಳಿದರು. ಮಾರ್ಗ ಕದಲಲಿಲ್ಲ. ಬದಲಾದದ್ದು ನಾಮಫಲಕ: 2017ರ ಕನ್ನಡಪರ ಚಳವಳಿಯ ನಂತರ ನಿಲ್ದಾಣಗಳಿಂದ ಹಿಂದಿ ಫಲಕಗಳನ್ನು ತೆಗೆಯಲಾಯಿತು. ನಿಗಮದಲ್ಲಿ ಕೇಂದ್ರ, ರಾಜ್ಯಗಳದು ಸಮಪಾಲು. ಹಿಂದಿ ಫಲಕಗಳ ವಿವಾದಕ್ಕೆ ಈ ಪಾಲುದಾರಿಕೆಯೂ ಒಂದು ಕಾರಣವಿದ್ದೀತು.

ಉಕ್ಕಿನ ಸೇತುವೆ: ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ., ಅಂದಾಜು ವೆಚ್ಚ 1,791 ಕೋಟಿ ರೂ. 800ಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. 2016ರ ಅಕ್ಟೋಬರ್‌ನಲ್ಲಿ ನಾಗರಿಕರು ಮಾನವ ಸರಪಳಿ ಕಟ್ಟಿದರು, ಹಸಿರು ನ್ಯಾಯಮಂಡಳಿ ತಡೆ ನೀಡಿತು. ಲಂಚದ ಆರೋಪವೂ ಸೇರಿಕೊಂಡ ಮೇಲೆ 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಪೆರಿಫೆರಲ್ ರಿಂಗ್ ರಸ್ತೆ: ಬಿಡಿಎ 2007ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು. ರಸ್ತೆ ಬರಲಿಲ್ಲ, ಗುರುತಾದ ಜಮೀನನ್ನು ರೈತರು ಮಾರುವುದೂ ಕಟ್ಟುವುದೂ ಕಷ್ಟವಾಯಿತು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ ಕೊಡಿ ಎಂಬುದು ಅವರ ಬೇಡಿಕೆ. ಬಿಡಿಎ ಕಾಯ್ದೆಯಡಿಯ ಸ್ವಾಧೀನಕ್ಕೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ತೀರ್ಪಿತ್ತಿತು.