ರಕ್ತದಲ್ಲಿ ಉಳಿಯುವ ವಿಕಿರಣದ ಗುರುತು



ಬೀದರಿಗೆ ಹೋಗಿ ಮಹಮೂದ್ ಗವಾನರ ಮದರಸಾ ನೋಡದವರು ನಮ್ಮ ಮನ್ನಳ್ಳಿ ಕಡೆ ಯಾರೂ ಇರಲಿಕ್ಕಿಲ್ಲ. ಅದೇ ಗವಾನರ ಆಶ್ರಯದಲ್ಲಿ ಮೇಲೆ ಬಂದ ಯೂಸುಫ್ ಆದಿಲ್ ಖಾನ್ ಮುಂದೆ ಬಿಜಾಪುರದ ಆದಿಲಶಾಹಿ ಮನೆತನವನ್ನು ಸ್ಥಾಪಿಸಿದ ಸಂಗತಿಯನ್ನು ನೀವು ಪಾಠದಲ್ಲಿ ಓದಿದ್ದೀರಿ. ಆದರೆ ಅವನ ಗೋರಿ ಬಿಜಾಪುರದಲ್ಲಿಲ್ಲ. ಅದು ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಬಳಿ ಇದೆ.

ಇದೇ ಗೋಗಿಯ ನೆಲದಡಿಯ ಕಲ್ಲಿನಲ್ಲಿ ಯುರೇನಿಯಂ ಅದಿರು ಇರುವುದು 1990ರ ದಶಕದ ಶೋಧನೆಯಿಂದ ತಿಳಿದುಬಂತು. ಮುಂದೆ ಪರಿಶೋಧನಾ ಗಣಿ ತೋಡುವ ಕೆಲಸ ನಡೆದಾಗ ಊರವರು ವಿರೋಧಿಸಿದರು. ವಿಕಿರಣದಿಂದ ರಕ್ತ ಕೆಡುತ್ತದೆ, ಹುಟ್ಟುವ ಮಕ್ಕಳಿಗೆ ತೊಂದರೆಯಾಗುತ್ತದೆ ಎಂಬ ಭಯ ಇಂಥ ಕಡೆಗಳಲ್ಲೆಲ್ಲ ಹರಡುತ್ತದೆ. ಇದರಲ್ಲಿ ನಿಜವೆಷ್ಟು? ಉತ್ತರ ಬೇಕಾದರೆ, ರಕ್ತದಲ್ಲಿ ವಿಕಿರಣದ ಗುರುತನ್ನು ಓದುವುದನ್ನು ಮನುಷ್ಯ ಹೇಗೆ ಕಲಿತನೆಂಬ ಕಥೆಯನ್ನು ತಿಳಿಯಬೇಕು.

1895ರಲ್ಲಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದರು. 1927ರಲ್ಲಿ ಅಮೆರಿಕದ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಎಕ್ಸ್‌ರೇ ಹಾಯಿಸಿ, ವಂಶವಾಹಿಗಳಲ್ಲಿ ಬದಲಾವಣೆ ಆಗುವುದನ್ನು ತೋರಿಸಿದರು. 1938ರಲ್ಲಿ ಕಾರ್ಲ್ ಸ್ಯಾಕ್ಸ್ ಗಿಡದ ಜೀವಕೋಶಗಳಲ್ಲಿ ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು ಮುರಿಯುವುದನ್ನು ವಿವರಿಸಿದರು. ಆದರೆ ಮನುಷ್ಯನ ವಿಷಯ ಬಹಳ ಕಾಲ ಕತ್ತಲೆಯಲ್ಲೇ ಉಳಿಯಿತು. ಹಿರೋಶಿಮಾದ ಮೇಲೆ ಬಾಂಬು ಬಿದ್ದ 1945ರಲ್ಲಿ ನಮ್ಮ ಜೀವಕೋಶದಲ್ಲಿ 48 ವರ್ಣತಂತುಗಳಿವೆ ಎಂದೇ ಪುಸ್ತಕಗಳಲ್ಲಿತ್ತು! ಅವು 46 ಎಂದು ಟಿಯೋ ಮತ್ತು ಲೆವಾನ್ ಪ್ರಕಟಿಸಿದ್ದು 1956ರಲ್ಲಿ.

ದಾರಿ ತೆರೆದದ್ದು ಒಂದು ಕಾಳಿನಿಂದ ಎಂದರೆ ನೀವು ನಂಬುವಿರಾ? ರಾಜ್ಮಾ ಕಾಳಿನ ಸತ್ವವನ್ನು ಪ್ರಯೋಗಾಲಯದಲ್ಲಿ ಕೆಂಪು ರಕ್ತಕಣಗಳನ್ನು ಬೇರ್ಪಡಿಸಲು ಬಳಸುತ್ತಿದ್ದರು. ಆ ಸತ್ವ ತಗುಲಿದರೆ ಸುಮ್ಮನೆ ವಿಶ್ರಾಂತಿಯಲ್ಲಿರುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ವಿಭಜನೆ ಆಗತೊಡಗುತ್ತವೆ ಎಂದು 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ತೋರಿಸಿದರು. ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ವಿಭಜನೆಯ ಹೊತ್ತಿನಲ್ಲಿ ಮಾತ್ರ. ಹಾಗಾಗಿ ತೋಳಿನಿಂದ ತೆಗೆದ ಸ್ವಲ್ಪ ರಕ್ತವೇ ಸಾಕಾಯಿತು. ಅದೇ ವರ್ಷ ಬ್ರಿಟನ್ನಿನ ಸಂಶೋಧಕರು ಬೆನ್ನುಮೂಳೆಯ ರೋಗಕ್ಕೆ ಎಕ್ಸ್‌ರೇ ಚಿಕಿತ್ಸೆ ಪಡೆದವರ ರಕ್ತದಲ್ಲಿ ಮುರಿದ ವರ್ಣತಂತುಗಳನ್ನು ಕಂಡರು.

ಆಗುವುದೇನು? ಬಟ್ಟೆ ಹೊಲಿಯುವವನ ಮುಂದೆ ಎರಡು ದಾರಗಳು ಒಟ್ಟಿಗೆ ತುಂಡಾದವೆಂದು ತಿಳಿಯಿರಿ. ಅವಸರದಲ್ಲಿ ಒಂದರ ತುದಿಯನ್ನು ಇನ್ನೊಂದಕ್ಕೆ ಗಂಟು ಹಾಕಿಬಿಡಬಹುದು. ವಿಕಿರಣವು ಡಿಎನ್‌ಎಯ ಎರಡೂ ಎಳೆಗಳನ್ನು ಕಡಿದಾಗ ಜೀವಕೋಶ ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಬಹುಪಾಲು ಸರಿಯಾಗಿಯೇ. ಕೆಲವೊಮ್ಮೆ ಮಾತ್ರ ಎರಡು ವರ್ಣತಂತುಗಳ ತುಂಡುಗಳು ತಪ್ಪಾಗಿ ಕೂಡುತ್ತವೆ. ಒಂದೊಂದಕ್ಕೆ ಒಂದೇ ಇರಬೇಕಾದ ನಡುಗಂಟು, ಹೀಗೆ ಕೂಡಿದ ವರ್ಣತಂತುವಿನಲ್ಲಿ ಎರಡಾಗುತ್ತದೆ. ಇದನ್ನು ಡೈಸೆಂಟ್ರಿಕ್ ಎನ್ನುತ್ತಾರೆ. ವಿಕಿರಣ ತಗುಲದವರಲ್ಲಿ ಇದು ಸಾವಿರ ಕೋಶಕ್ಕೆ ಒಂದರಷ್ಟು ಸಿಗುವುದೂ ಅಪರೂಪ. ವಿಕಿರಣ ಹೆಚ್ಚಿದಂತೆ ಇವೂ ಹೆಚ್ಚುತ್ತವೆ. ಹಾಗಾಗಿ ಇವುಗಳನ್ನು ಎಣಿಸಿದರೆ, ಮೈಗೆ ತಗುಲಿದ ಪ್ರಮಾಣವನ್ನು ಲೆಕ್ಕ ಹಾಕಬಹುದು.

ಇದರ ಬೆಲೆ ತಿಳಿದದ್ದು ಬಡವರ ಪ್ರಕರಣಗಳಲ್ಲಿ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಹಳೆಯ ಕೋಬಾಲ್ಟ್ ಯಂತ್ರವೊಂದು ಹರಾಜಾಗಿ ಮಾಯಾಪುರಿಯ ಗುಜರಿಗೆ ಬಂತು. ಒಳಗೇನಿದೆ ಎಂದು ತಿಳಿಯದೆ ಕೆಲಸಗಾರರು ಅದನ್ನು ಬಿಚ್ಚಿದರು. ಏಳು ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅವರ ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಎಲ್ಲಿಂದ ಬರಬೇಕು? ಇಂಥವರಿಗೆ ರಕ್ತವೊಂದೇ ದಾಖಲೆ. ಬ್ಯಾಡ್ಜ್ ಇದ್ದರೂ ಅದನ್ನು ಧರಿಸಬೇಕಲ್ಲ! ನಾನು ನೋಡಿದ ಒಂದು ಎಕ್ಸ್‌ರೇ ಕೋಣೆಯಲ್ಲಿ ಅದು ವರ್ಷವಿಡೀ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಟೆಕ್ನಿಷಿಯನ್ ಆಗಬೇಕೆಂದಿರುವ ನಮ್ಮ ಹುಡುಗರು ಇದನ್ನು ಗಮನಿಸಬೇಕು.

ನಮ್ಮದೇ ರಾಜ್ಯದ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತದ್ದು ಪತ್ತೆಯಾದದ್ದು ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂ ನೀರಿನೊಂದಿಗೆ ದೇಹದೊಳಗೆ ಹೋಗಿ ನೀರಿನೊಂದಿಗೇ ಹೊರಬರುತ್ತದೆ. ಹೊರಗಿನಿಂದ ಹಾಯ್ದು ಹೋಗುವ ಕಿರಣ ಹಾಗಲ್ಲ. ಅದು ದೇಹದಲ್ಲಿ ನಿಲ್ಲುವುದಿಲ್ಲ, ಅದು ಮಾಡಿದ ಗಾಯ ಮಾತ್ರ ಉಳಿಯುತ್ತದೆ.

ಈಗ ಗೋಗಿಗೆ ಮರಳೋಣ. ಈ ಪರೀಕ್ಷೆಗೂ ಮಿತಿಯಿದೆ. ಸುಮಾರು 100 ಮಿಲಿಗ್ರೇಗಿಂತ ಕಡಿಮೆ ಪ್ರಮಾಣವನ್ನು ಇದು ಒಬ್ಬ ವ್ಯಕ್ತಿಯಲ್ಲಿ ಖಚಿತವಾಗಿ ಹೇಳಲಾರದು. ಎದೆಯ ಒಂದು ಎಕ್ಸ್‌ರೇ ಇದರ ಸಾವಿರದ ಒಂದು ಪಾಲಿನಷ್ಟು, ಆದ್ದರಿಂದ ವೈದ್ಯರು ಬರೆದುಕೊಟ್ಟ ಎಕ್ಸ್‌ರೇಗೆ ಹೆದರಬೇಕಿಲ್ಲ. ಕೇರಳದ ಚವರ ಕರಾವಳಿಯ ಮರಳಿನಲ್ಲಿ ಥೋರಿಯಂ ಇದ್ದು, ಅಲ್ಲಿನ ನೈಸರ್ಗಿಕ ವಿಕಿರಣ ಬೇರೆಡೆಗಿಂತ ಹಲವು ಪಟ್ಟು ಹೆಚ್ಚು. ಅಲ್ಲಿಯೂ ನೆರೆಯ ಪ್ರದೇಶದಲ್ಲಿಯೂ ಹುಟ್ಟಿದ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವರ್ಣತಂತುಗಳ ದೋಷದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ನೆಲದಡಿ ಯುರೇನಿಯಂ ಇದೆ ಎಂದ ಮಾತ್ರಕ್ಕೆ ಊರಿನವರ ರಕ್ತ ಕೆಟ್ಟಿದೆ ಎನ್ನುವುದು ತಪ್ಪು. ಗಣಿಗೆ ಇಳಿಯುವವನ ಮಾತು ಬೇರೆ. ಅದಿರಿನಿಂದ ಹೊರಡುವ ರೇಡಾನ್ ಅನಿಲ ಅವನ ಶ್ವಾಸಕೋಶಕ್ಕೆ ಅಪಾಯ. ಅದಕ್ಕೆ ಸುರಂಗದ ಗಾಳಿಯನ್ನೇ ಅಳೆಯಬೇಕು, ಊರಿಗೆ ಬಾವಿಯ ನೀರನ್ನು ಅಳೆಯಬೇಕು. ಅದೂ ಗಣಿ ಆರಂಭವಾಗುವ ಮೊದಲೇ, ಇಲ್ಲವಾದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ.

ಇನ್ನು, ಗುಜರಿಯಲ್ಲೋ ಕಾರ್ಖಾನೆಯಲ್ಲೋ ಯಾರಿಗಾದರೂ ಹೆಚ್ಚು ವಿಕಿರಣ ತಗುಲಿದ ಅನುಮಾನ ಬಂದರೆ ತಡ ಮಾಡಬಾರದು. ಡೈಸೆಂಟ್ರಿಕ್ ಹೊತ್ತ ಕಣಗಳು ಕಾಲ ಕಳೆದಂತೆ ರಕ್ತದಿಂದ ಕರಗುತ್ತವೆ, ಕೆಲವು ವರ್ಷಗಳಲ್ಲಿ ಲೆಕ್ಕ ಸಿಗುವುದಿಲ್ಲ. ಬೇಕಾಗುವುದು ಕೆಲವೇ ಮಿಲಿಲೀಟರ್ ರಕ್ತ. ಕಣಗಳು ಜೀವಂತವಾಗಿರಬೇಕಾದ್ದರಿಂದ ಅದನ್ನು ಹೆಪಾರಿನ್ ಹಾಕಿದ ನಳಿಕೆಯಲ್ಲಿ ತೆಗೆದು, ಹೆಪ್ಪುಗಟ್ಟದಂತೆಯೂ ಮಂಜಾಗದಂತೆಯೂ ನೋಡಿಕೊಂಡು, ಒಂದೆರಡು ದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು.