ಫ್ಲೋರೆಸ್ ದ್ವೀಪದ ಕಿರುಮಾನವರು: ರೋಗವೋ ವಂಶವೋ?

ನೆಲದೊಳಗಿಂದ ಅಗೆದು ತೆಗೆದ ವಿಚಿತ್ರವಾದ ತಲೆಬುರುಡೆಯೊಂದು ಬೇರೊಂದು ಮಾನವಜಾತಿಗೆ ಸೇರಿದುದೋ, ಅಥವಾ ನಮ್ಮಂಥವನೇ ಆದ ಯಾವನೋ ಒಬ್ಬ ರೋಗಿಯದೋ ಎಂಬ ಪ್ರಶ್ನೆಯು ವಿದ್ವಾಂಸರಿಗೆ ಹೊಸದಲ್ಲ. ೧೮೫೬ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ದಪ್ಪ ಹುಬ್ಬೆಲುಬಿನ ಬುರುಡೆಯೊಂದು ದೊರೆಯಿತು. ವೈದ್ಯಶಾಸ್ತ್ರದಲ್ಲಿ ಮಹಾಪಂಡಿತರೆನಿಸಿದ್ದ ರುಡೋಲ್ಫ್ ವಿರ್ಚೋ ಅವರು ಅದರ ವೈಚಿತ್ರ್ಯಕ್ಕೆ ರೋಗವೇ ಕಾರಣವೆಂದು ತೀರ್ಪಿತ್ತರು. ೧೮೮೬ರಲ್ಲಿ ಬೆಲ್ಜಿಯಮಿನ ಸ್ಪೀ ಎಂಬಲ್ಲಿ ಅದೇ ಬಗೆಯ ಇನ್ನೆರಡು ಅಸ್ಥಿಪಂಜರಗಳು ಸಿಕ್ಕಿದ ಮೇಲೆ ಆ ತೀರ್ಪು ನಿಲ್ಲಲಿಲ್ಲ. ಒಬ್ಬನಿಗೆ ಬಂದ ರೋಗವು ಬೇರೊಂದು ದೇಶದ ಮತ್ತಿಬ್ಬರಿಗೂ ಅದೇ ರೂಪದಲ್ಲಿ ಬಂದಿತೆಂದು ಯಾರು ತಾನೆ ನಂಬಿಯಾರು? ಆದರೂ ವಿರ್ಚೋ ಅವರನ್ನು ನಗುವುದು ಸಲ್ಲದು. ಒಂದೇ ಬುರುಡೆಯನ್ನು ಮುಂದಿಟ್ಟುಕೊಂಡಾಗ ರೋಗದ ಶಂಕೆ ಬರುವುದು ನ್ಯಾಯವೇ ಸರಿ.

ಅದೇ ವಾದವು ನಮ್ಮ ಕಾಲದಲ್ಲಿ ಇಂಡೊನೇಷ್ಯದ ಫ್ಲೋರೆಸ್ ದ್ವೀಪದ ವಿಷಯವಾಗಿ ಮತ್ತೆ ಎದ್ದಿತು. ಅಲ್ಲಿ ಲಿಯಾಂಗ್ ಬುವಾ ಎಂಬ ಸುಣ್ಣಕಲ್ಲಿನ ದೊಡ್ಡ ಗುಹೆಯೊಂದುಂಟು. ಆಸ್ಟ್ರೇಲಿಯದ ಮೈಕ್ ಮೊರ್ವುಡ್, ಇಂಡೊನೇಷ್ಯದ ಥಾಮಸ್ ಸುತಿಕ್ನಾ ಮೊದಲಾದವರು ೨೦೦೩ರಲ್ಲಿ ಆ ಗುಹೆಯ ನೆಲವನ್ನು ಸುಮಾರು ಆರು ಮೀಟರುಗಳಷ್ಟು ಆಳಕ್ಕೆ ಅಗೆದಾಗ ಪುಟ್ಟದೊಂದು ಅಸ್ಥಿಪಂಜರವು ಕಾಣಿಸಿತು. ಎಲುಬುಗಳು ಇನ್ನೂ ಶಿಲೆಯಾಗದೆ ಒದ್ದೆಯಾಗಿ, ಮುಟ್ಟಿದರೆ ಮುರಿಯುವಷ್ಟು ಮೆತ್ತಗಿದ್ದುವು. ಮೊದಲ ನೋಟಕ್ಕೆ ಮಗುವಿನದೆಂದು ತೋರುವ ಗಾತ್ರ. ಆದರೆ ಹಲ್ಲುಗಳೆಲ್ಲ ಮೂಡಿ ಸವೆದಿದ್ದುವು. ಪ್ರಾಯಕ್ಕೆ ಬಂದ ಹೆಂಗಸೆಂದು ಪರೀಕ್ಷಕರು ನಿರ್ಧರಿಸಿದರು. ಎತ್ತರ ಸುಮಾರು ೧೦೬ ಸೆಂಟಿಮೀಟರು, ಎಂದರೆ ಮೂರೂವರೆ ಅಡಿ. ಮಿದುಳಿನ ಗಾತ್ರ ೪೦೦ ಘನ ಸೆಂಟಿಮೀಟರಿನ ಆಸುಪಾಸು, ನಮ್ಮದರ ಮೂರನೆಯ ಒಂದು ಪಾಲು. ಅದೇ ಗುಹೆಯಲ್ಲಿ ಕಲ್ಲಿನ ಆಯುಧಗಳೂ, ಸ್ಟೆಗೊಡಾನ್ ಎಂಬ ಅಳಿದುಹೋದ ಆನೆಯ ಕುಳ್ಳು ತಳಿಯ ಎಲುಬುಗಳೂ ಇದ್ದುವು. ೨೦೦೪ರ ಅಕ್ಟೋಬರಿನಲ್ಲಿ ಈ ಜನವನ್ನು ಹೋಮೋ ಫ್ಲೋರೆಸಿಯೆನ್ಸಿಸ್ ಎಂಬ ಹೊಸ ಮಾನವಜಾತಿಯೆಂದು ಸಾರಲಾಯಿತು. ಪುರಾಣದ ವಾಲಖಿಲ್ಯರನ್ನು ಬಲ್ಲ ನಮ್ಮ ವಾಚಕರಿಗೆ ಕುಳ್ಳರ ಸುದ್ದಿ ಅಷ್ಟೇನೂ ವಿಸ್ಮಯವನ್ನು ತಾರದಿರಬಹುದು. ಶಾಸ್ತ್ರಜ್ಞರ ಲೋಕವಂತೂ ತಲ್ಲಣಿಸಿತು.

ಕುಳ್ಳುತನಕ್ಕೆ ಅವರು ಕೊಟ್ಟ ಕಾರಣವಿದು. ಸಮುದ್ರವು ತಗ್ಗಿದ್ದ ಹಿಮಯುಗದಲ್ಲಿಯೂ ಫ್ಲೋರೆಸ್ಸಿಗೆ ನೆಲದ ದಾರಿ ಇರಲಿಲ್ಲ. ಹೀಗೆ ಪ್ರತ್ಯೇಕವಾದ ದ್ವೀಪಗಳಲ್ಲಿ ಮೇವು ಕಡಿಮೆ, ಬೇಟೆಯಾಡುವ ದೊಡ್ಡ ಮೃಗಗಳೂ ಕಡಿಮೆ. ಆದುದರಿಂದ ದೊಡ್ಡ ಪ್ರಾಣಿಗಳು ತಲೆತಲಾಂತರಗಳಲ್ಲಿ ಕಿರಿದಾಗುತ್ತವೆ, ಸಣ್ಣವು ಕೆಲವೊಮ್ಮೆ ಹಿರಿದಾಗುತ್ತವೆ. ಅಲ್ಲಿಯ ಆನೆ ಕಿರಿದಾಯಿತು, ಇಲಿ ಹಿರಿದಾಯಿತು. ಮನುಷ್ಯನು ಮಾತ್ರ ಈ ನಿಯಮಕ್ಕೆ ಹೊರಗೇಕೆ?

ಎದುರುಪಕ್ಷದ ಮುಖಂಡರು ಯೋಗ್ಯಕರ್ತದ ಗಜ ಮದ ವಿಶ್ವವಿದ್ಯಾನಿಲಯದ ಹಿರಿಯ ಪಂಡಿತರಾದ ತೇಕು ಯಾಕೋಬ್. ಇದು ಹೊಸ ಜಾತಿಯಲ್ಲ, ತಲೆ ಬೆಳೆಯದ ರೋಗವಿದ್ದ ನಮ್ಮ ಜಾತಿಯ ಹೆಂಗಸೇ ಎಂದು ಅವರು ವಾದಿಸಿದರು. ಗುಹೆಯ ಬಳಿಯ ರಂಪಸಾಸಾ ಎಂಬ ಹಳ್ಳಿಯ ಗಿಡ್ಡ ಜನರನ್ನು ಸಾಕ್ಷಿಯಾಗಿ ತೋರಿಸಿದರು. ೨೦೦೪ರ ಕೊನೆಯಲ್ಲಿ ಎಲುಬುಗಳು ಅವರ ವಶಕ್ಕೆ ಹೋಗಿ, ಮರುವರ್ಷ ಹಿಂದಿರುಗಿದುವು. ಆಗ ಅವಕ್ಕೆ ಹಾನಿಯಾಯಿತೆಂದು ಅಗೆದವರು ದೂರಿದರು, ಯಾಕೋಬರು ಅಲ್ಲಗಳೆದರು. ಆ ಜಗಳವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಮುಂದೆ ಇತರರು ಬೇರೆ ಬೇರೆ ರೋಗಗಳನ್ನು ಸೂಚಿಸಿದರು. ೨೦೧೪ರವರೆಗೂ ಹೊಸದೊಂದು ರೋಗದ ಹೆಸರು ಕೇಳಿಬರುತ್ತಲೇ ಇದ್ದಿತು. ಒಂದೇ ದೇಹಕ್ಕೆ ವೈದ್ಯರು ಇಷ್ಟು ಬಗೆಯ ರೋಗಗಳನ್ನು ಹೇಳುತ್ತಿದ್ದರೆ ಮನೆಯವರಿಗೆ ಯಾವುದರಲ್ಲಿ ನಂಬಿಕೆ ಹುಟ್ಟೀತು?

ವಾದವನ್ನು ತಿರುಗಿಸಿದುದು ತಲೆಯಲ್ಲ, ಕೈ. ೨೦೦೭ರಲ್ಲಿ ಮ್ಯಾಥ್ಯೂ ಟೋಚೆರಿ ಮತ್ತು ಅವರ ಸಂಗಡಿಗರು ಆ ಹೆಂಗಸಿನ ಮಣಿಕಟ್ಟಿನ ಸಣ್ಣ ಎಲುಬುಗಳನ್ನು ಅಳೆದು ನೋಡಿದರು. ಅವುಗಳ ಆಕಾರವು ನಮ್ಮದರಂತಿರದೆ ವಾನರರ ಮತ್ತು ಅತಿಪ್ರಾಚೀನ ಮಾನವರ ಆಕಾರವನ್ನು ಹೋಲುತ್ತಿದ್ದಿತು. ಈ ಎಲುಬುಗಳ ರೂಪವು ಗರ್ಭದಲ್ಲಿಯೇ ಬಹು ಬೇಗ ನಿಶ್ಚಿತವಾಗುವುದು. ತಲೆಯನ್ನು ಕುಗ್ಗಿಸುವ ರೋಗವು ಮಣಿಕಟ್ಟನ್ನು ಲಕ್ಷಾಂತರ ವರ್ಷ ಹಿಂದಕ್ಕೆ ಒಯ್ಯಲಾರದು. ಅದಕ್ಕೂ ಮೊದಲೇ, ೨೦೦೫ರಲ್ಲಿ, ಅದೇ ಗುಹೆಯಿಂದ ಅದೇ ಬಗೆಯ ಇನ್ನೊಂದು ಕೆಳದವಡೆಯು ಪ್ರಕಟವಾಗಿದ್ದಿತು. ಸ್ಪೀ ಗುಹೆಯ ಕಥೆಯೇ ಮರುಕಳಿಸಿತೆನ್ನಬೇಕು.

ಅಗೆದವರೂ ತಪ್ಪದೆ ಇರಲಿಲ್ಲ. ಆ ಹೆಂಗಸು ಕೇವಲ ೧೮,೦೦೦ ವರ್ಷಗಳ ಹಿಂದೆ ಬದುಕಿದ್ದಳೆಂದು ಅವರು ಮೊದಲು ಬರೆದಿದ್ದರು. ಗುಹೆಯ ಮಣ್ಣಿನ ಪದರಗಳನ್ನು ಮತ್ತೆ ಪರಿಶೀಲಿಸಿ, ಎಲುಬುಗಳು ೧,೦೦,೦೦೦ದಿಂದ ೬೦,೦೦೦ ವರ್ಷಗಳಷ್ಟು ಹಳೆಯವೆಂದು ೨೦೧೬ರಲ್ಲಿ ತಾವೇ ತಿದ್ದಿಕೊಂಡರು. ನನಗೆ ಈ ವೃತ್ತಾಂತದಲ್ಲೆಲ್ಲ ಬಹಳ ಮೆಚ್ಚಿಗೆಯಾದುದು ಇದೇ. ಇದರಿಂದ ರೋಗವಾದವು ಇನ್ನಷ್ಟು ಸೊರಗಿತು. ರಂಪಸಾಸಾದ ಜನರ ವಿಷಯವೂ ೨೦೧೮ರಲ್ಲಿ ತೀರ್ಮಾನವಾಯಿತು: ಅವರ ಆನುವಂಶಿಕ ದ್ರವ್ಯದಲ್ಲಿ ಕಿರುಮಾನವರ ಸುಳಿವೇನೂ ಸಿಕ್ಕಲಿಲ್ಲ, ಅವರ ಗಿಡ್ಡತನವು ಅವರದೇ.

ರೋಗವಲ್ಲವೆಂದಾಯಿತು; ಹಾಗಾದರೆ ಯಾರ ವಂಶ? ಅದೇ ದ್ವೀಪದ ಮಾತಾ ಮೆಂಗೆ ಎಂಬಲ್ಲಿ ಸುಮಾರು ೭,೦೦,೦೦೦ ವರ್ಷಗಳ ಹಿಂದಿನ ದವಡೆಯ ತುಂಡೂ ಆರು ಹಲ್ಲುಗಳೂ ೨೦೧೪ರಲ್ಲಿ ದೊರೆತುವು. ಅಲ್ಲಿಯದೇ ತೋಳಿನ ಎಲುಬೊಂದನ್ನು ೨೦೨೪ರಲ್ಲಿ ವರ್ಣಿಸಿದಾಗ, ಅದರ ಒಡೆಯನ ಎತ್ತರವು ಸುಮಾರು ಒಂದೇ ಮೀಟರೆಂದು ಕಂಡಿತು. ಜಾವಾದ್ವೀಪದ ಹೋಮೋ ಎರೆಕ್ಟಸ್ ಜನರು ಇಲ್ಲಿಗೆ ಬಂದು ಕುಗ್ಗಿದರೆಂಬುದು ಒಂದು ಪಕ್ಷ. ಹಲ್ಲುಗಳ ಸಾಕ್ಷ್ಯ ಅದರ ಕಡೆಗಿದೆ. ಆಫ್ರಿಕದಿಂದಲೇ ಸಣ್ಣದಾಗಿ ಹೊರಟ ಇನ್ನೂ ಹಳೆಯ ವಂಶವಿದೆಂಬುದು ಇನ್ನೊಂದು ಪಕ್ಷ; ಮಣಿಕಟ್ಟೂ ಅಂಗಗಳ ಪ್ರಮಾಣವೂ ಅದಕ್ಕೆ ಒತ್ತಾಸೆ. ನನ್ನ ಮನಸ್ಸು ಮೊದಲನೆಯದರ ಕಡೆಗೆ ಕೊಂಚ ವಾಲುತ್ತದೆ, ಆದರೆ ಮಣಿಕಟ್ಟಿಗೆ ಆ ಪಕ್ಷದವರು ಸಮಾಧಾನಕರವಾದ ಉತ್ತರವನ್ನು ಕೊಟ್ಟಂತೆ ತೋರುವುದಿಲ್ಲ. ವೊಲೊ ಸೆಗೆ ಎಂಬಲ್ಲಿ ಸಿಕ್ಕಿದ ಕಲ್ಲಿನ ಆಯುಧಗಳು ಹತ್ತು ಲಕ್ಷ ವರ್ಷಗಳ ಹಿಂದೆಯೇ ಆ ದ್ವೀಪದಲ್ಲಿ ಜನರಿದ್ದುದನ್ನು ತಿಳಿಸುತ್ತವೆ. ಅವುಗಳನ್ನು ಹಿಡಿದ ಕೈಗಳು ದೊಡ್ಡವಾಗಿದ್ದುವೋ ಆಗಲೇ ಚಿಕ್ಕವಾಗಿದ್ದುವೋ ಎಂದು ಹೇಳಬಲ್ಲ ಎಲುಬು ಆ ಪದರದಿಂದ ಇನ್ನೂ ಹೊರಬಂದಿಲ್ಲ.