ಅತಿಥಿ ಸತ್ಕಾರ: ಬಾಗಿಲಿಗೆ ಬಂದವರಲ್ಲಿ ಪ್ರಭುವನ್ನು ಕಾಣುವುದು

ಅತಿಥಿ ಸತ್ಕಾರಕ್ಕೆ ಪವಿತ್ರ ಬೈಬಲಿನಲ್ಲಿ ಸಿಗುವ ಮೊದಲ ದೊಡ್ಡ ಮಾದರಿ ಪಿತಾಮಹ ಅಬ್ರಹಾಮ. ಉರಿಬಿಸಿಲಿನಲ್ಲಿ ಬಂದ ಮೂವರು ಅಪರಿಚಿತರನ್ನು ಕಂಡು ಆತ ಗುಡಾರದಿಂದ ಓಡಿಹೋಗಿ ಎದುರುಗೊಂಡನು (ಆದಿಕಾಂಡ 18). ಕೊಡುತ್ತೇನೆಂದು ಹೇಳಿದ್ದು ತುಸು ಆಹಾರ ಮಾತ್ರ. ಬಡಿಸಿದ್ದು ಬಿಸಿ ರೊಟ್ಟಿ, ಎಳೆಗರುವಿನ ಮಾಂಸ, ಮೊಸರು, ಹಾಲು. ಅವರ ಊಟ ಮುಗಿಯುವವರೆಗೆ ಆತ ಕೂರಲಿಲ್ಲ. ಈ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಿಬ್ರಿಯರಿಗೆ ಬರೆದ ಪತ್ರವು (13:2) ಅತಿಥಿಗಳ ರೂಪದಲ್ಲಿ ದೇವದೂತರನ್ನು ಸತ್ಕರಿಸಿದವರ ಕುರಿತು ನೆನಪಿಸುತ್ತದೆ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಇದನ್ನು ಮಠದ ನಿಯಮವನ್ನಾಗಿಯೇ ಮಾಡಿದರು. ಅವರ ನಿಯಮಾವಳಿಯ 53ನೆಯ ಅಧ್ಯಾಯದ ಪ್ರಕಾರ ಬಂದವರನ್ನೆಲ್ಲ ಕ್ರಿಸ್ತರಂತೆ ಬರಮಾಡಿಕೊಳ್ಳಬೇಕು. ಮೊದಲು ಒಟ್ಟಿಗೆ ಪ್ರಾರ್ಥನೆ, ನಂತರ ಕೈಗೆ ನೀರು, ಪಾದ ತೊಳೆಯುವುದು. ಮಠಾಧಿಪತಿ ಅತಿಥಿಗಾಗಿ ಸಾಮಾನ್ಯ ಉಪವಾಸವನ್ನೂ ಬಿಡಬಹುದು. ಬಡವರಿಗೂ ಯಾತ್ರಿಕರಿಗೂ ವಿಶೇಷ ಆದರ ಸಲ್ಲಬೇಕು, ಏಕೆಂದರೆ ಶ್ರೀಮಂತರಿಗೆ ಮರ್ಯಾದೆ ತಾನಾಗಿಯೇ ಸಿಗುತ್ತದೆ ಎನ್ನುತ್ತಾರೆ ಸಂತರು. ನಮ್ಮ ಮನೆಗಳ ಹಬ್ಬದೂಟಕ್ಕೆ ಯಾರು ಯಾರನ್ನು ಕರೆದಿದ್ದೇವೆ ಎಂದು ಒಮ್ಮೆ ಲೆಕ್ಕ ಹಾಕಿದರೆ ಈ ಮಾತು ಚುಚ್ಚುತ್ತದೆ.

ಕರಾವಳಿಯ ನಮ್ಮ ಹಿರಿಯರು ಬಂದವರಿಗೆ ಮೊದಲು ನೀರು-ಬೆಲ್ಲ ಕೊಡುತ್ತಿದ್ದರು. ಘಟ್ಟ ಹತ್ತಿ ತುಮಕೂರು ಜಿಲ್ಲೆಗೆ ಹೋದರೆ ರೂಪ ಬೇರೆ, ಭಾವ ಅದೇ. ಗುಬ್ಬಿ ತಾಲೂಕಿನ ಸಿ.ಎಸ್. ಪುರ, ಕುಣಿಗಲ್ ಕಡೆಯ ಹಳ್ಳಿಗಳು ರಾಗಿ ಮತ್ತು ತೆಂಗಿನ ಸೀಮೆ. ಅಲ್ಲಿ ಬಂದವರಿಗೆ ರಾಗಿಮುದ್ದೆ, ಸೊಪ್ಪಿನ ಸಾರು. ಊಟದ ಹೊತ್ತಿನಲ್ಲಿ ಬಂದವರನ್ನು ಉಣ್ಣದೆ ಕಳಿಸುವುದು ಮನೆಗೆ ಅವಮಾನ. ಈ ಪ್ರದೇಶ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು, ಅಲ್ಲಿ ಕ್ರೈಸ್ತರು ಕಡಿಮೆ. ಆದರೆ ಅಲ್ಲಿನ ದಾಸೋಹ ಪರಂಪರೆಯಿಂದ ನಾವು ಕಲಿಯಬೇಕಾದದ್ದು ಬಹಳ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಜಾತಿ-ಮತ ಕೇಳದೆ ಊಟ, ವಸತಿ, ವಿದ್ಯೆ ನೀಡಲಾಗುತ್ತದೆ. ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟವಾದ ಮೇಲೆಯೇ ಸುದ್ದಿಯನ್ನು ಪ್ರಕಟಿಸಲಾಯಿತೆಂದು ಪತ್ರಿಕೆಗಳು ವರದಿ ಮಾಡಿದ್ದವು. ಸ್ವಾಮೀಜಿಯವರ ಇಚ್ಛೆಯೂ ಅದೇ ಆಗಿತ್ತಂತೆ.

ಇನ್ನು ನಮ್ಮ ಮನೆಗಳ ವಿಚಾರ. ಸತ್ಕಾರವೆಂದರೆ ಆಡಂಬರವಲ್ಲ. ಬೆಥಾನಿಯದ ಮಾರ್ತಾ ಅಡುಗೆಯ ಗಡಿಬಿಡಿಯಲ್ಲಿದ್ದಾಗ ಮರಿಯಾ ಪ್ರಭುವಿನ ಪಾದದ ಬಳಿ ಕುಳಿತಳು (ಲೂಕ 10). ಈ ಭಾಗದ ಬೋಧನೆಯಲ್ಲಿ ನಾವು ಧರ್ಮಗುರುಗಳು ಮಾರ್ತಾಳನ್ನು ಸುಲಭವಾಗಿ ಟೀಕಿಸಿಬಿಡುತ್ತೇವೆ, ಆಮೇಲೆ ಯಾವುದೋ ಮನೆಯ ಮಾರ್ತಾ ಬಡಿಸಿದ್ದನ್ನೇ ಉಣ್ಣುತ್ತೇವೆ! ಅತಿಥಿ ಬಂದಾಗ ಗಂಡಸರೂ ಮಕ್ಕಳೂ ಅಡುಗೆಮನೆಗೆ ಕೈಜೋಡಿಸಿದರೆ ಮನೆಯೊಡತಿಗೂ ಕುಳಿತು ಮಾತನಾಡಲು ಬಿಡುವಾಗುತ್ತದೆ. ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಜುಲೈ 29ನ್ನು ಮಾರ್ತಾ, ಮರಿಯಾ, ಲಾಜರ ಮೂವರ ಸ್ಮರಣೆಯ ದಿನವನ್ನಾಗಿ ಮಾಡಿದರು. ಪ್ರಭುವಿಗೆ ಬಾಗಿಲು ತೆರೆದದ್ದು ಇಡೀ ಮನೆ.

ಅತಿಥಿಗೂ ಕರ್ತವ್ಯವುಂಟು. ಇಟ್ಟದ್ದನ್ನು ಉಣ್ಣಿರಿ, ಮನೆಯಿಂದ ಮನೆಗೆ ಬದಲಾಯಿಸಬೇಡಿ ಎಂಬುದು ಯೇಸು ಶಿಷ್ಯರಿಗೆ ಕೊಟ್ಟ ಸೂಚನೆ. ಆದಿ ಧರ್ಮಸಭೆಯ 'ದಿದಖೆ' ಎಂಬ ಪುಸ್ತಿಕೆ ಇನ್ನೂ ನೇರ: ದಾರಿಹೋಕನಿಗೆ ಕೈಲಾದಷ್ಟು ನೆರವಾಗಿ, ಆದರೆ ಆತ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲಬಾರದು, ನೆಲೆಸುವುದಾದರೆ ದುಡಿದು ಉಣ್ಣಲಿ.

ಸಸ್ಯಾಹಾರಿ ನೆರೆಯವರನ್ನು ಕ್ರಿಸ್ಮಸ್ ದಿನ ಕರೆಯುವ ಮನೆಗಳಿಗೆ ಒಂದು ಮಾತು. ಅವರ ಅಡುಗೆಗೆ ಪಾತ್ರೆ, ಸೌಟು ಬೇರೆ ಇಡಿ, ಇಟ್ಟಿರುವುದನ್ನು ಮೊದಲೇ ತಿಳಿಸಿ. ಆದರೂ ಸಂಕೋಚವೆನಿಸಿದರೆ ಬಾಳೆಹಣ್ಣು, ಎಳನೀರು ಸಾಕು. ಒತ್ತಾಯ ಮಾಡಬೇಡಿ.